ನಗೆಯ ಮೊನೆ ಯಾರ ಕಡೆಗೆ?

ಕಾರ್ಟೂನ್ ಎಂದರೆ ಮಕ್ಕಳಾಟ ಎಂಬುದು ಹಲವರ ಎಣಿಕೆ. ಅಮೆರಿಕದಲ್ಲಿ 1989ರಿಂದ ನಡೆದುಬಂದಿರುವ ‘ದಿ ಸಿಂಪ್ಸನ್ಸ್’ ಎಂಬ ಕಾರ್ಟೂನ್ ಮಾಲೆ ದೊಡ್ಡವರು ಕೂತು ನೋಡುವಂಥದು. ಅದರ ಹೋಮರ್ ಅಣುವಿದ್ಯುತ್ ಸ್ಥಾವರದ ಕೆಲಸಗಾರ. ಮಾಲೀಕ ಬರ್ನ್ಸ್ ಕಡುಜಿಪುಣ. ವರ್ಷಗಟ್ಟಲೆ ತನ್ನಲ್ಲೇ ದುಡಿದವನ ಹೆಸರು ಆತನಿಗೆ ನೆನಪಿರದು. ನಮ್ಮ ರೇಷ್ಮೆ ನೂಲು ತೆಗೆಯುವ ಕಾರ್ಮಿಕನಿಗೆ ಈ ಹಾಸ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಮಾಲೆಯಲ್ಲಿ ಅಪು ಎಂಬ ಭಾರತೀಯ ಅಂಗಡಿಯವನೂ ಇದ್ದಾನೆ. ಅವನ ಮಾತಿನ ಧಾಟಿಯೇ ಅಲ್ಲಿ ನಗೆಯ ಸರಕು. ಧ್ವನಿ ಕೊಟ್ಟವರು ಬಿಳಿಯ ನಟ ಹ್ಯಾಂಕ್ ಅಜೇರಿಯಾ. ಆ ಹೆಸರು ಹಿಡಿದು ಭಾರತೀಯ ಮೂಲದ ಮಕ್ಕಳನ್ನು ಹಂಗಿಸಿದ್ದನ್ನು ಹಾಸ್ಯಗಾರ ಹರಿ ಕೊಂಡಬೋಲು 2017ರ ಸಾಕ್ಷ್ಯಚಿತ್ರದಲ್ಲಿ ಎತ್ತಿ ತೋರಿಸಿದರು. 2020ರಲ್ಲಿ ಅಜೇರಿಯಾ ಆ ಪಾತ್ರಕ್ಕೆ ದನಿ ಕೊಡುವುದನ್ನು ಬಿಟ್ಟರು. ಮಾಲೀಕನ ಕಡೆ ತಿರುಗಿದ ನಗೆ ಕೆಲಸಗಾರನ ಬೆನ್ನನ್ನು ನೆಟ್ಟಗೆ ಮಾಡುತ್ತದೆ. ಸಣ್ಣ ಅಂಗಡಿಯವನ ನುಡಿಯ ಮೇಲೆ ಬಿದ್ದ ನಗೆ ಅವನ ಮಗುವಿನ ತಲೆ ತಗ್ಗಿಸುತ್ತದೆ.

ಅಮೆರಿಕವನ್ನು ದೂಷಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು 1994ರಲ್ಲಿ ತೆರೆದ ಜಾನಪದ ಲೋಕಕ್ಕೆ ಹೋಗಿ ತೊಗಲು ಗೊಂಬೆಗಳನ್ನು ನೋಡಿ. ಬಿಳಿ ಪರದೆ, ಹಿಂದೆ ದೀಪ, ಬಣ್ಣದ ತೊಗಲು, ಅಲುಗುವ ಕೈಕಾಲು—ನಮ್ಮ ಹಿರಿಯರ ಕಾರ್ಟೂನ್ ಅದೇ. ರಾಮರಾವಣರ ಕಥೆಯ ನಡುವೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ನುಗ್ಗಿ ಊರ ನಡತೆಯನ್ನೇ ಗೇಲಿ ಮಾಡುತ್ತಾರೆ. ಮಾತು ಒರಟು, ಒಮ್ಮೊಮ್ಮೆ ಪೋಲಿ. ಮನುಷ್ಯ ಆಡಲು ಅಂಜುವ ಮಾತನ್ನು ಗೊಂಬೆ ಆಡಿಬಿಡುತ್ತದೆ.

ಆ ಗೊಂಬೆ ಕುಣಿಸಿದವರಿಗೆ ನಾವು ಕೊಟ್ಟ ಮರ್ಯಾದೆ ಏನು? ರಾತ್ರಿಯೆಲ್ಲ ನಕ್ಕೆವು, ಬೆಳಗಾದ ಮೇಲೆ ಅವರ ಜಾತಿಯ ಹೆಸರನ್ನೇ ಬೈಗುಳ ಮಾಡಿಕೊಂಡೆವು. ರೂಪ ಹಳಿಯಲು ‘ಕಿಳ್ಳೇಕ್ಯಾತ’ ಎನ್ನುವ ನಾಲಿಗೆಗೆ ಅಪುವಿನ ಪರವಾಗಿ ಸಿಟ್ಟಾಗುವ ಹಕ್ಕು ಎಲ್ಲಿಯದು? ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿತು. ಸಂತೋಷವೇ. ಆದರೆ ಒಬ್ಬರಿಗೆ ಬಂದ ಪದಕದಿಂದ ಉಳಿದವರ ಮನೆಯ ಒಲೆ ಉರಿಯದು.

ಸಂಗಾತಿಗಳೇ, ವರ್ತಕ ಬಂಧುಗಳೇ, ಕೆಲಸ ನಮ್ಮ ಕೈಯಲ್ಲೇ ಇದೆ. ಬಣ್ಣದ ಗೊಂಬೆಗಳಿಗೆ ಹೆಸರಾದ ಚನ್ನಪಟ್ಟಣದಲ್ಲಿ, ರಾಮನಗರದಲ್ಲಿ, ಕನಕಪುರ ಮಾಗಡಿಗಳಲ್ಲಿ ಮೇ ದಿನಕ್ಕೋ ರಾಜ್ಯೋತ್ಸವಕ್ಕೋ ವಾದ್ಯಗೋಷ್ಠಿಗೆ ಸುರಿಯುವ ಹಣದಲ್ಲಿ ಒಂದು ರಾತ್ರಿ ತೊಗಲು ಗೊಂಬೆಯಾಟ ಕರೆಸೋಣ. ಒಪ್ಪಿದ ಕೂಲಿಯನ್ನು ಚೌಕಾಸಿಯಿಲ್ಲದೆ, ಆಟಕ್ಕೆ ಮುಂಚೆಯೇ ಎಣಿಸಿ ಕೊಡೋಣ. ಮೀಟರ್ ಬಡ್ಡಿಯವನನ್ನೂ ಲಂಚಕೋರನನ್ನೂ, ಬೇಕಾದರೆ ವೇದಿಕೆ ಬಿಟ್ಟಿಳಿಯದ ನಮ್ಮಂಥ ಭಾಷಣಕಾರರನ್ನೂ ಕ್ಯಾತ ಗೇಲಿ ಮಾಡಲಿ. ಹೊಟ್ಟೆ ತುಂಬ ನಗೋಣ.

ಆ ಹೆಸರು ಹಿಡಿದು ಬೈಯುವುದನ್ನು ಮಾತ್ರ ಇಂದೇ ನಿಲ್ಲಿಸೋಣ. ಅದಕ್ಕೆ ಯಾವ ಹಣವೂ ಬೇಕಿಲ್ಲ.