ಧ್ರುವ್ ಮತ್ತು ನಮ್ಮ ಲ್ಯಾಬ್ ರೆಕಾರ್ಡ್

ಹೋದ ವಾರ ಲ್ಯಾಬ್‌ನಲ್ಲಿ ನಮ್ಮ ಬ್ಯಾಚ್‌ನ ಗ್ರಾಫ್ ನೆಟ್ಟಗೆ ಬರಲಿಲ್ಲ. ಒಂದು ಪಾಯಿಂಟ್ ಮಾತ್ರ ಗೆರೆ ಬಿಟ್ಟು ದೂರ ಕೂತಿತ್ತು. ನಾವೇನು ಮಾಡಿದ್ವಿ? ಸೀನಿಯರ್ ರೆಕಾರ್ಡ್ ನೋಡಿ ಆ ರೀಡಿಂಗ್ ತಿದ್ದಿದ್ವಿ. ಸೈನ್ ಆಯ್ತು, ಕ್ಯಾಂಟೀನ್‌ಗೆ ಹೋದ್ವಿ. ನೀವೂ ಮಾಡಿರ್ತೀರಿ ಬಿಡಿ.

ಧ್ರುವ್ ಹೆಲಿಕಾಪ್ಟರ್ ಬಗ್ಗೆ ಓದುವಾಗ ಆ ಪಾಯಿಂಟ್ ಮತ್ತೆ ನೆನಪಾಯ್ತು. ಧ್ರುವ್ ಹುಟ್ಟಿದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ. 1984ರಲ್ಲಿ ಜರ್ಮನಿಯ ಎಂಬಿಬಿ ಕಂಪನಿಯ ನೆರವಿನಿಂದ ವಿನ್ಯಾಸದ ಕೆಲಸ ಶುರು, 1992ರ ಆಗಸ್ಟ್‌ನಲ್ಲಿ ಮೊದಲ ಹಾರಾಟ, ಸೇವೆಗೆ ಸೇರಿದ್ದು 2002ರಲ್ಲಿ. ಅಂದ್ರೆ ಮೊದಲ ಹಾರಾಟ ಆದಮೇಲೂ ಹತ್ತು ವರ್ಷ! ಎತ್ತರದ ಜಾಗಗಳಿಗಾಗಿ ಶಕ್ತಿ ಇಂಜಿನ್ ಬಂತು, ಸಮುದ್ರದಲ್ಲಿ ಹುಡುಕಾಟಕ್ಕೆ ರೇಡಾರ್ ಇರುವ ಮಾದರಿ ಬಂತು. 2013ರ ಉತ್ತರಾಖಂಡ ಪ್ರವಾಹದಲ್ಲಿ ಸಿಕ್ಕಿಹಾಕಿಕೊಂಡವರನ್ನು ಹೊತ್ತು ತಂದದ್ದರಲ್ಲಿ ಧ್ರುವ್ ಕೂಡ ಇತ್ತು.

ಅದೇ ಧ್ರುವ್ 2024ರ ಸೆಪ್ಟೆಂಬರ್‌ನಲ್ಲಿ, ಹಡಗಿನಲ್ಲಿ ಗಾಯಗೊಂಡವರನ್ನು ಕರೆತರಲು ಹೋಗಿ, ಪೋರಬಂದರ್ ಬಳಿ ರಾತ್ರಿ ಸಮುದ್ರಕ್ಕೆ ಬಿತ್ತು. ಕೋಸ್ಟ್ ಗಾರ್ಡ್‌ನ ಮೂವರು ತೀರಿಕೊಂಡರು. 2025ರ ಜನವರಿ 5ರಂದು ಪೋರಬಂದರ್‌ನಲ್ಲೇ ಇನ್ನೊಂದು ಬಿತ್ತು, ಮತ್ತೆ ಮೂವರು. ಈ ಎರಡನೇ ಅಪಘಾತದ ತನಿಖೆಯಲ್ಲಿ ಸ್ವಾಶ್‌ಪ್ಲೇಟ್ ಮುರಿದದ್ದು ಕಂಡುಬಂತು. ಪೈಲಟ್ ಕೈಯ ಚಲನೆಯನ್ನು ತಿರುಗುವ ರೆಕ್ಕೆಗಳಿಗೆ ಮುಟ್ಟಿಸುವ ಭಾಗ ಅದು. ಅದು ಹೋದರೆ ಪೈಲಟ್ ಎಷ್ಟೇ ಜಾಣನಾಗಿದ್ದರೂ ಹೆಲಿಕಾಪ್ಟರ್ ಮಾತು ಕೇಳಲ್ಲ.

ಆಗ ಮುನ್ನೂರಕ್ಕೂ ಹೆಚ್ಚು ಧ್ರುವ್‌ಗಳನ್ನು ನೆಲಕ್ಕಿಳಿಸಿದರು. ಕೆಲವರು "ನಮ್ಮ ದೇಶದ್ದು ಇಷ್ಟೇ" ಅಂದರು. ಇನ್ನು ಕೆಲವರು ನಮ್ಮದನ್ನ ಬೈಯಲೇಬಾರದು ಅಂದರು. ಎರಡೂ ತಪ್ಪು ಅಂತ ನಮಗನ್ನಿಸುತ್ತೆ. ನಿಲ್ಲಿಸಿ, ಬಿಚ್ಚಿ, ಹುಡುಕಿದ್ದು ಅವಮಾನ ಅಲ್ಲ, ಅದೇ ಇಂಜಿನಿಯರಿಂಗ್. ಆದರೆ ಅಲ್ಲಿ ಕಲಿತದ್ದು ಫೈಲಿನಲ್ಲೇ ಉಳಿಯಬಾರದು. ರಕ್ಷಣೆಯ ಗುಟ್ಟು ಬಿಟ್ಟು, ಒಂದು ಭಾಗ ಹೇಗೆ ದಣಿದು ಮುರಿಯುತ್ತೆ ಅನ್ನೋದು ನಮ್ಮ ಕ್ಲಾಸಿಗೂ ಬರಬೇಕು. ನಾಳೆ ಅದನ್ನ ಡಿಸೈನ್ ಮಾಡೋರು ನಾವೇ ತಾನೆ?

ಹಾಗೆ ಕೇಳೋ ಹಕ್ಕು ಬರಬೇಕಾದರೆ ಮೊದಲು ನಮ್ಮ ರೆಕಾರ್ಡ್ ಸರಿ ಇರಬೇಕು. ಮುಂದಿನ ಲ್ಯಾಬ್‌ನಲ್ಲಿ ಪಾಯಿಂಟ್ ಗೆರೆ ಬಿಟ್ಟು ಹೋದರೆ ಹಾಗೇ ಬಿಡ್ತೀವಿ, ಪಕ್ಕದಲ್ಲಿ ಕಾರಣ ಬರೀತೀವಿ. ಎರಡು ಮಾರ್ಕ್ಸ್ ಹೋದರೆ ಹೋಗಲಿ.