ಬೆಳಕಿನ ಹದ

ಕನ್ನಡ ಪಂಡಿತನಾದವನಿಗೆ ಲೇಸರ್ ಕಿರಣದ ಗೊಡವೆಯೇಕೆಂದು ಮಿತ್ರರು ಕೇಳಬಹುದು. ಮಂಡ್ಯದ ಸೀಮೆಯಲ್ಲಿ ಹುಟ್ಟಿ ಆಲೆಮನೆಯ ಒಲೆಯನ್ನು ಕಂಡವನಿಗೆ ಅದು ದೂರದ ವಿಷಯವೇನಲ್ಲ. ಉರಿ ಸಾಲದಿದ್ದರೆ ಪಾಕ ಬಾರದು; ಮೀರಿದರೆ ಬೆಲ್ಲ ಸೀದು ಕಪ್ಪಾಗುವುದು. ಜೀವದೇಹದ ಅಂಗಾಂಶದ ಮೇಲೆ ಬೆಳಕು ಚೆಲ್ಲಿ ಅದರ ರಾಸಾಯನಿಕ ರಚನೆಯನ್ನು ಅರಿಯಹೊರಟ ವಿಜ್ಞಾನಿಯ ಸಂಕಟವೂ ಇಂಥದೇ.

1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸರ್ ಸಿ. ವಿ. ರಾಮನ್ ಅವರು ಕಂಡುಕೊಂಡ ತತ್ತ್ವವಿಷ್ಟು: ವಸ್ತುವಿನಿಂದ ಚದುರಿದ ಬೆಳಕಿನ ಅತ್ಯಲ್ಪ ಭಾಗವು ಅಣುಗಳ ಕಂಪನಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಆ ಬದಲಾವಣೆಯೇ ಅಣುವಿನ ಅಂಕಿತ. 1933ರಲ್ಲಿ ಬೆಂಗಳೂರಿಗೆ ಬಂದ ಆ ಮಹನೀಯರು 1970ರಲ್ಲಿ ಕಾಲವಾಗುವವರೆಗೂ ನಮ್ಮ ನಾಡಿನವರೇ ಆಗಿ ಬಾಳಿದರು.

ಹೀಗೆ ಅಂಕಿತ ಹೊತ್ತು ಬರುವ ಬೆಳಕಿನ ಕಣ ಸುಮಾರು ಕೋಟಿಗೊಂದು ಮಾತ್ರ. 1960ರಲ್ಲಿ ಲೇಸರ್ ಅವತರಿಸಿ ಬೆಳಕಿನ ಬಲವೇನೋ ಹೆಚ್ಚಿತು. ಆದರೆ ಬಲವೊಂದನ್ನೇ ಹೆಚ್ಚಿಸಿದರೆ ಅಂಗಾಂಶ ಬೆಂದುಹೋಗುವುದು; ಇಲ್ಲವೆ ತಾನೇ ಹೊಳೆದು ಆ ಅಂಕಿತವನ್ನು ಮರೆಮಾಡುವುದು. ಆದುದರಿಂದ ವಿಜ್ಞಾನಿಗಳು ಹದವನ್ನು ಅರಸಿದರು. ಅಂಗಾಂಶವನ್ನು ಹೆಚ್ಚು ಬಾಧಿಸದ ಅವಕೆಂಪು ಬೆಳಕನ್ನು ಆಯ್ದರು. ಸೆಕೆಂಡಿನ ಲಕ್ಷಕೋಟಿಯಲ್ಲಿ ಕೆಲವೇ ಅಂಶ ಉಳಿಯುವ ಮಿಡಿತಗಳಾಗಿ ಅದನ್ನು ಹರಿಯಿಸಿದರು. ಎರಡು ಕಿರಣಗಳ ಆವೃತ್ತಿಯ ಅಂತರವನ್ನು ಅಣುವಿನ ಕಂಪನಕ್ಕೆ ಸರಿಯಾಗಿ ಶ್ರುತಿಗೂಡಿಸಿದರು. ಆಗ ಕೊಬ್ಬು ಯಾವುದು, ಪ್ರೋಟೀನು ಯಾವುದು ಎಂಬುದು ಬಣ್ಣ ಹಚ್ಚದೆಯೇ ಚಿತ್ರವಾಗಿ ಮೂಡುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಮಿದುಳಿನ ಗಡ್ಡೆಯ ತುಣುಕನ್ನು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿಯೇ ಹೀಗೆ ಪರೀಕ್ಷಿಸಿದುದು 2017ರಲ್ಲಿ ಪ್ರಕಟವಾಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಿವ ಉಮಾಪತಿಯವರೂ ಸಹೋದ್ಯೋಗಿಗಳೂ ಅತಿಕ್ಷಿಪ್ರ ಮಿಡಿತಗಳ ರಾಮನ್ ವಿಧಾನವೊಂದನ್ನು ರೂಪಿಸಿದ್ದಾರೆ.

ಗಡ್ಡೆಯ ತುಣುಕನ್ನು ಪರೀಕ್ಷೆಗೆ ಕೊಟ್ಟು, ವರದಿಗಾಗಿ ಮಳವಳ್ಳಿಯಿಂದ ದೊಡ್ಡ ಊರುಗಳಿಗೆ ಅಲೆಯುವ ಬಡವನಿಗೆ ಇದು ಬರಿಯ ಸಿದ್ಧಾಂತವಲ್ಲ. ಆದರೆ ಯಂತ್ರವನ್ನು ಕೊಂಡು ತಂದಮಾತ್ರಕ್ಕೆ ಕಾರ್ಯ ಕೈಗೂಡದು. ಬೆಳಕಿನ ಹದವರಿತವರು ಮಂಡ್ಯ, ಮದ್ದೂರು, ಮಳವಳ್ಳಿಗಳ ಮಕ್ಕಳಲ್ಲಿಯೇ ಮೂಡಿಬರಬೇಕು. ರಾಮನ್ ಪರಿಣಾಮವನ್ನು ಬಾಯಿಪಾಠ ಮಾಡಿ ಅಂಕ ಗಳಿಸುವ ಎಷ್ಟೋ ಬಾಲಕರು ಬಿಸಿಲಿನ ಕಿರಣವನ್ನು ಪಟ್ಟಕದಲ್ಲಿ ಒಡೆದು ಕಂಡವರಲ್ಲ. ಇದರಲ್ಲಿ ತಪ್ಪು ಮಕ್ಕಳದಲ್ಲ, ಕಲಿಸುವ ನಮ್ಮದು.

ದಾನಿಗಳಲ್ಲಿ ನನ್ನ ವಿನಂತಿ ಇಷ್ಟೇ: ಮಹಾದ್ವಾರಕ್ಕೂ ದೀಪಾಲಂಕಾರಕ್ಕೂ ಮೀಸಲಿಟ್ಟ ಹಣದಲ್ಲಿ ಒಂದು ಪಾಲು ಶಾಲೆಯ ಪ್ರಯೋಗಶಾಲೆಗೆ ಸಲ್ಲಲಿ. ಒಂದು ಕತ್ತಲೆ ಕೋಣೆ, ಕೆಲವು ಪಟ್ಟಕಗಳು, ಮಸೂರಗಳು, ಅವನ್ನು ಮಕ್ಕಳ ಕೈಗೆ ಕೊಡಲು ಅಂಜದ ಒಬ್ಬ ಉಪಾಧ್ಯಾಯ: ಆರಂಭಕ್ಕೆ ಇಷ್ಟು ಸಾಕು. ಕಣ್ಣು ಕೋರೈಸುವ ಬೆಳಕಿನಿಂದ ಉತ್ಸವ ನಡೆದೀತು. ಅರಿವಿಗೆ ಬೇಕಾದುದು ಹದವಾದ ಬೆಳಕು.