ವೆನಿಸಿಗೆ ಹೋಗುವುದಾದರೆ ಮೂರು ರಾತ್ರಿ ಉಳಿಯಿರಿ

ವೆನಿಸಿನ ರಿಯಾಲ್ಟೊ ಸೇತುವೆಯ ಹತ್ತಿರದ ಮೀನು ಮಾರುಕಟ್ಟೆಯಲ್ಲಿ ಗೋಡೆಗೆ ಕೂರಿಸಿದ ಒಂದು ಹಳೆಯ ಕಲ್ಲಿನ ಫಲಕವಿದೆ. ಅದರ ಮೇಲೆ ಕೆತ್ತಿರುವುದು ಮೀನುಗಳ ಹೆಸರು, ಪಕ್ಕದಲ್ಲಿ ಒಂದೊಂದರ ಅಳತೆ. ಬೂತಾಯಿಗೆ 7 ಸೆಂಟಿಮೀಟರ್, ಹಾವುಮೀನಿಗೆ 25, ಸಿಂಪಿಗೆ 5. ಇದಕ್ಕಿಂತ ಗಿಡ್ಡವಾದುದನ್ನು ಮಾರುವಂತಿಲ್ಲ ಎಂಬುದು ಅದರ ಅರ್ಥ. ಮರಿಯನ್ನೇ ಹಿಡಿದು ತಿಂದರೆ ನಾಳೆ ಬಲೆಗೆ ಏನೂ ಬೀಳುವುದಿಲ್ಲ ಎಂಬುದನ್ನು ಕಡಲನ್ನೇ ನಂಬಿ ಬದುಕಿದ ಊರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಂಥದೇ ಒಂದು ಕನಿಷ್ಠ ಅಳತೆ ಈಗ ಆ ಊರಿಗೆ ಹೋಗುವ ಪ್ರವಾಸಕ್ಕೂ ಬೇಕಾಗಿದೆ. ಮದುವೆಯಾದ ಹೊಸತರಲ್ಲೋ, ಇಪ್ಪತ್ತೈದನೆಯ ವಾರ್ಷಿಕೋತ್ಸವಕ್ಕೋ, ನಿವೃತ್ತಿಯ ಹಣ ಕೈಗೆ ಬಂದಾಗಲೋ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಗಂಡ ಹೆಂಡತಿ ಇಬ್ಬರೇ ಯುರೋಪಿಗೆ ಹೊರಡುವುದು ಈಗ ಅಪರೂಪವಲ್ಲ. ಅವರ ಪಟ್ಟಿಯಲ್ಲಿ ವೆನಿಸ್ ಹೆಚ್ಚುಕಡಿಮೆ ತಪ್ಪದೆ ಇರುತ್ತದೆ. ಅವರಿಗೆ ಹೇಳಬೇಕಾದದ್ದು ಇಷ್ಟೆ: ಮೂರು ರಾತ್ರಿ ಊರೊಳಗೇ ಉಳಿಯಲು ಆಗುವುದಾದರೆ ವೆನಿಸಿಗೆ ಹೋಗಿ, ಮೂರು ತಾಸಿಗಷ್ಟೇ ಆದರೆ ಆ ಊರನ್ನು ಈ ಸಲಕ್ಕೆ ಬಿಟ್ಟುಬಿಡಿ.

ಹತ್ತು ದಿನಕ್ಕೆ ಆರೇಳು ದೇಶ ತೋರಿಸುವ ಪ್ಯಾಕೇಜಿನಲ್ಲಿ ವೆನಿಸಿನ ಪಾಲಿಗೆ ಬರುವುದು ಸಾಮಾನ್ಯವಾಗಿ ಅರ್ಧ ದಿನ. ರಾತ್ರಿ ವಸತಿ ಪಾದುವಾದಲ್ಲೋ ಮೆಸ್ತ್ರೆಯಲ್ಲೋ, ಅಂದರೆ ಊರನ್ನು ಸುತ್ತುವರಿದ ಹಿನ್ನೀರಿನ ಆಚೆ, ಮುಖ್ಯ ಭೂಮಿಯಲ್ಲಿ. ಬೆಳಗ್ಗೆ ಬಸ್ಸು ಸುಮಾರು ನಾಲ್ಕು ಕಿಲೊಮೀಟರ್ ಉದ್ದದ ಸೇತುವೆ ದಾಟಿ, ವಾಹನಗಳ ನಿಲುಗಡೆಗೆಂದೇ ಇರುವ ದ್ವೀಪದಲ್ಲಿ ಇಳಿಸುತ್ತದೆ. ಅಲ್ಲಿಂದ ದೋಣಿ. ಸಂತ ಮಾರ್ಕನ ಚೌಕ, ನಿಟ್ಟುಸಿರಿನ ಸೇತುವೆಯ ಎದುರು ಒಂದು ಫೋಟೊ, ಗಾಜು ಊದುವುದರ ಪ್ರದರ್ಶನ, ನಗರಾಡಳಿತ ಗೊತ್ತುಮಾಡಿದ 90 ಯೂರೊ ದರದಲ್ಲಿ ಅರ್ಧ ಗಂಟೆಯ ಗೊಂಡೋಲಾ. ಮಧ್ಯಾಹ್ನ ಕಳೆಯುತ್ತಿದ್ದಂತೆ ಮತ್ತೆ ಬಸ್ಸು. ಇದರಲ್ಲಿ ಆ ದಂಪತಿಯದು ಯಾವ ತಪ್ಪೂ ಇಲ್ಲ. ಜನ್ಮದಲ್ಲಿ ಒಮ್ಮೆ ಎಂದು ಕೂಡಿಟ್ಟ ದುಡ್ಡಿಗೆ ಅವರ ಕೈಗೆ ಸಿಕ್ಕಿದ್ದು ಅಷ್ಟು. ಆದರೆ ವೆನಿಸಿನ ಮಟ್ಟಿಗೆ ಅತ್ಯಂತ ಭಾರವಾದ ಅತಿಥಿ ಎಂದರೆ ಹೀಗೆ ಬಂದುಹೋಗುವವನೇ.

ಅದು ಹೇಗೆ ಎಂದು ನೋಡಬೇಕು. 1951ರಲ್ಲಿ ವೆನಿಸಿನ ಹಳೆಯ ಊರಿನಲ್ಲಿ ಸುಮಾರು 1.74 ಲಕ್ಷ ಜನ ವಾಸವಿದ್ದರು. 2022ರ ಆಗಸ್ಟ್‌ನಲ್ಲಿ ಆ ಸಂಖ್ಯೆ 50 ಸಾವಿರಕ್ಕಿಂತ ಕೆಳಗಿಳಿಯಿತು. ರಿಯಾಲ್ಟೊ ಹತ್ತಿರದ ಒಂದು ಔಷಧಿ ಅಂಗಡಿಯ ಕಿಟಕಿಯಲ್ಲಿ 2008ರಿಂದ ಒಂದು ಎಲೆಕ್ಟ್ರಾನಿಕ್ ಫಲಕ ಇದೆ. ಊರಿನಲ್ಲಿ ಇನ್ನೆಷ್ಟು ಜನ ಉಳಿದಿದ್ದಾರೆ ಎಂಬುದನ್ನು ಅದು ಕೆಂಪು ಅಂಕಿಗಳಲ್ಲಿ ತೋರಿಸುತ್ತದೆ. ಔಷಧಿಗೆ ಬಂದವರು ತಮ್ಮ ಊರು ಕರಗುತ್ತಿರುವ ಲೆಕ್ಕವನ್ನೂ ಓದಿಕೊಂಡು ಹೋಗುತ್ತಾರೆ. 2023ರ ಸೆಪ್ಟೆಂಬರ್ ಹೊತ್ತಿಗೆ, ಪ್ರವಾಸಿಗಳಿಗೆಂದು ಹಾಸಿದ ಮಂಚಗಳ ಸಂಖ್ಯೆ ಅಲ್ಲಿನ ನಿವಾಸಿಗಳ ಸಂಖ್ಯೆಯನ್ನು ಮೀರಿತು ಎಂದು ಸ್ಥಳೀಯ ನಾಗರಿಕ ಗುಂಪೊಂದು ಲೆಕ್ಕ ಕೊಟ್ಟಿತು. ಇವೆಲ್ಲದರ ಮೇಲೆ ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಜನ ಬರುತ್ತಾರೆಂಬ ಅಂದಾಜಿದೆ, ಅವರಲ್ಲಿ ಬಹುಪಾಲು ಹಗಲು ಬಂದು ಸಂಜೆಗೆ ಹೊರಡುವವರು. ಅರ್ಧ ಲಕ್ಷವೂ ಇಲ್ಲದ ಊರಿಗೆ ಇದು ಜಾತ್ರೆ ಮುಗಿಯದ ಸ್ಥಿತಿ.

ಜನ ಹೆಚ್ಚು ಎಂಬುದಷ್ಟೇ ತೊಂದರೆಯಾಗಿದ್ದರೆ ಊರು ಹೇಗೋ ತಡೆದುಕೊಳ್ಳುತ್ತಿತ್ತು. ತೊಂದರೆ ಇರುವುದು ಅವರೆಲ್ಲ ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ ಇರುವುದರಲ್ಲಿ. ವೆನಿಸಿನ ಗೋಡೆಗಳ ಮೇಲೆ ‘ರಿಯಾಲ್ಟೊ ಕಡೆಗೆ’, ‘ಸಂತ ಮಾರ್ಕನ ಕಡೆಗೆ’ ಎಂದು ಬಾಣದ ಗುರುತಿನ ಹಳದಿ ಫಲಕಗಳಿವೆ. ಮೂರು ತಾಸಿಗೆ ಬಂದವರು ಆ ಬಾಣ ಬಿಟ್ಟು ಕದಲುವುದಿಲ್ಲ, ಕದಲಲು ಅವರಿಗೆ ಪುರುಸೊತ್ತೂ ಇಲ್ಲ. ಆದ್ದರಿಂದಲೇ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಆ ಒಂದೆಳೆ ದಾರಿಯಲ್ಲಿ ಉಸಿರುಗಟ್ಟುವಷ್ಟು ಜನ, ಎರಡು ಓಣಿ ಆಚೆ ಬಟ್ಟೆ ಒಣಹಾಕಿದ ಹಗ್ಗದ ಕೆಳಗೆ ಬೆಕ್ಕು ಮಲಗಿರುತ್ತದೆ. ಬಾಣದ ದಾರಿಯ ಅಂಗಡಿಗಳೂ ಆ ಮೂರು ತಾಸಿಗೆ ತಕ್ಕಂತೆ ಬದಲಾಗುತ್ತವೆ. ಹಾದುಹೋಗುವವನಿಗೆ ಮೊಳೆ ಬೇಡ, ಬೇಳೆ ಬೇಡ, ಚಪ್ಪಲಿ ಹೊಲಿಸುವುದು ಬೇಡ. ಮುಖವಾಡ, ಮ್ಯಾಗ್ನೆಟ್, ಕೈಯಲ್ಲಿ ಹಿಡಿದು ತಿನ್ನುವ ಪಿಜ್ಜಾ ತುಂಡು ಇದ್ದರೆ ಸಾಕು. ಹೀಗೆ ಕಿರಾಣಿ ಅಂಗಡಿ ಹೋದ ಮೇಲೆ, ಎರಡು ಸೇತುವೆ ಹತ್ತಿ ಇಳಿದು ಹಾಲು ತರಬೇಕಾದ ಮುದುಕಿ ಒಂದು ದಿನ ಮಗನ ಮನೆಗೆಂದು ಮೆಸ್ತ್ರೆಗೆ ಹೊರಡುತ್ತಾಳೆ. ಅವಳ ಮನೆ ಪ್ರವಾಸಿಗಳ ಬಾಡಿಗೆ ಕೋಣೆಯಾಗುತ್ತದೆ. ಈ ಜನಜಂಗುಳಿಯ ಬೇರು ಯಾರ ದುರ್ಗುಣದಲ್ಲೂ ಇಲ್ಲ, ವೇಳೆಯ ಅಭಾವದಲ್ಲಿದೆ. ಅದಕ್ಕೇ ಪರಿಹಾರವೂ ವೇಳೆಯಲ್ಲಿಯೇ ಇದೆ ಎಂದು ನಾನು ವಾದಿಸುವುದು.

ನಗರಾಡಳಿತ ಹುಡುಕಿದ ಪರಿಹಾರ ಶುಲ್ಕ. 2024ರ ಏಪ್ರಿಲ್ 25ರಿಂದ, ಆರಿಸಿದ 29 ದಿನಗಳಲ್ಲಿ, ಹಗಲು ಬಂದುಹೋಗುವವರಿಗೆ 5 ಯೂರೊ ಪ್ರವೇಶ ಶುಲ್ಕ ವಿಧಿಸಿದರು. 2025ರಲ್ಲಿ ಆ ದಿನಗಳು 54ಕ್ಕೆ ಏರಿದವು, ಕೊನೆ ಗಳಿಗೆಯಲ್ಲಿ ಹೊರಟವರಿಗೆ ಶುಲ್ಕ 10 ಯೂರೊ ಆಯಿತು. ಸಂಗ್ರಹವಾದ ಹಣ ಮೊದಲ ವರ್ಷ ಸುಮಾರು 24 ಲಕ್ಷ ಯೂರೊ, ಎರಡನೆಯ ವರ್ಷ ಸುಮಾರು 54 ಲಕ್ಷ. ಶುಲ್ಕ ತೆತ್ತವರ ದಿನದ ಸರಾಸರಿ ಹದಿನಾರು ಸಾವಿರ ಚಿಲ್ಲರೆಯಿಂದ ಹದಿಮೂರು ಸಾವಿರದ ಆಸುಪಾಸಿಗೆ ಇಳಿಯಿತು ಎಂಬುದು ನಿಜ. ಆದರೆ ಎರಡನೆಯ ವರ್ಷ ಜನ ಕಡಿಮೆ ಇರುವ ಶುಕ್ರವಾರಗಳೂ ಲೆಕ್ಕಕ್ಕೆ ಸೇರಿದ್ದರಿಂದ, ಈ ಇಳಿಕೆಯನ್ನು ಶುಲ್ಕದ ಗೆಲುವೆಂದು ಹೇಳುವುದು ಕಷ್ಟ. ವಿಮಾನಕ್ಕೆ ಸಾವಿರಾರು ರೂಪಾಯಿ ಸುರಿದು ಬಂದವರನ್ನು ಐದೋ ಹತ್ತೋ ಯೂರೊ ತಡೆಯಲಾರದು. ಶುಲ್ಕದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ವಿನಾಯಿತಿಯ ನಿಯಮ. ನಗರದ ವ್ಯಾಪ್ತಿಯಲ್ಲಿ ರಾತ್ರಿ ತಂಗುವವರು ಇದನ್ನು ಕೊಡಬೇಕಿಲ್ಲ. ಅವರು ತಂಗುವ ಮೊದಲ ಐದು ರಾತ್ರಿಗಳಿಗೆ ವಸತಿ ತೆರಿಗೆಯನ್ನು ಹೇಗೂ ಕೊಡುತ್ತಾರೆ. ಅಂದರೆ ಹಾದುಹೋಗುವವನು ಬೇರೆ, ಉಳಿಯುವವನು ಬೇರೆ ಎಂಬುದನ್ನು ಊರೇ ಒಪ್ಪಿ ಬರೆದಿದೆ.

ಉಳಿದವರಿಗೆ ಸಿಗುವುದೇನು? ದಂಪತಿಯ ದೃಷ್ಟಿಯಿಂದ ಇದೇ ದೊಡ್ಡ ಪ್ರಶ್ನೆ. ಸಂಜೆ ಬಸ್ಸುಗಳು ಹೊರಟ ಮೇಲೆ ವೆನಿಸ್ ಇನ್ನೊಂದೇ ಊರು. ಕಾರಿಲ್ಲ, ಬೈಕಿಲ್ಲ, ಸೈಕಲ್ಲೂ ಇಲ್ಲ. ಕಲ್ಲುಹಾಸಿನ ಮೇಲೆ ನಡೆಯುವವರ ಹೆಜ್ಜೆಯ ಸದ್ದು ಓಣಿಯ ತಿರುವಿನಾಚೆಯಿಂದಲೇ ಕೇಳುತ್ತದೆ. ಕಟ್ಟಿದ ದೋಣಿಗೆ ನೀರು ಬಡಿಯುವುದು ಕೇಳುತ್ತದೆ. ಜೊತೆಯಲ್ಲಿ ನಡೆಯುವ ಇಬ್ಬರಿಗೆ ಮಾತು ಬೇಕೆನಿಸಿದರೆ ಮಾತು, ಬೇಡವೆನಿಸಿದರೆ ಮೌನ, ಎರಡಕ್ಕೂ ಅಲ್ಲಿ ಜಾಗವಿದೆ. ಬೆಳಗ್ಗೆ ಏಳಕ್ಕೆ ಎದ್ದರೆ, ಊರಿನ ಸಾಮಾನು ಸರಂಜಾಮೆಲ್ಲ ದೋಣಿಯಿಂದ ಇಳಿದು ಕೈಗಾಡಿ ಏರುವುದನ್ನು, ಆ ಗಾಡಿಯನ್ನು ಆಳುಗಳು ಮೆಟ್ಟಿಲು ಮೆಟ್ಟಿಲಾಗಿ ಸೇತುವೆ ಹತ್ತಿಸುವುದನ್ನು ನೋಡಬಹುದು. ಹಾಲು, ಮದ್ದು, ಹಾಸಿಗೆ, ಶವಪೆಟ್ಟಿಗೆ ಕೂಡ ನೀರಿನ ಮೇಲೆಯೇ ಸಾಗುವ ಊರು ಅದು. ಆ ಕೆಲಸ ನಡೆಯುವುದು ಪ್ರವಾಸಿಗಳು ಬರುವ ಮುಂಚೆ. ಮೂರನೆಯ ದಿನ ದೋಣಿ ಹಿಡಿದು ತೊರ್ಚೆಲ್ಲೊ ದ್ವೀಪಕ್ಕೆ ಹೋದರೆ ಕ್ರಿ.ಶ. 639ರಲ್ಲಿ ನೆಲೆಗೊಂಡ ಚರ್ಚಿದೆ, ಅದರ ಗೋಡೆ ತುಂಬ ಬಣ್ಣದ ಚೂರುಗಳಲ್ಲಿ ಕೂಡಿಸಿದ ಅಂತಿಮ ತೀರ್ಪಿನ ಚಿತ್ರವಿದೆ. ಒಂದು ಕಾಲಕ್ಕೆ ವೆನಿಸಿಗಿಂತ ದೊಡ್ಡದಾಗಿದ್ದ ಆ ಊರಲ್ಲಿ ಈಗ ಬೆರಳೆಣಿಕೆಯ ಜನ. ಊರು ಬರಿದಾಗುವುದೆಂದರೆ ಏನು ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಇದಕ್ಕೆ ಮೊದಲು ಬರುವ ಆಕ್ಷೇಪ ಹಣದ್ದು, ರಜೆಯದ್ದು. ಊರೊಳಗಿನ ಕೋಣೆ ಮೆಸ್ತ್ರೆಯ ಕೋಣೆಗಿಂತ ತುಟ್ಟಿ, ನಿಜ. ಆದರೆ ಒಟ್ಟು ಪ್ರವಾಸದ ಲೆಕ್ಕ ಹಾಕಬೇಕು. ಷೆಂಗೆನ್ ವೀಸಾಕ್ಕೆ ಒಬ್ಬರಿಗೆ 90 ಯೂರೊ, ಒಂದು ಊರು ನೋಡಿದರೂ ಅಷ್ಟೆ, ಏಳು ನೋಡಿದರೂ ಅಷ್ಟೆ. ಊರಿಂದೂರಿಗೆ ಓಡಾಡುವುದಕ್ಕೇ ದುಡ್ಡಿನ ದೊಡ್ಡ ಪಾಲು, ದಿನದ ದೊಡ್ಡ ಪಾಲು ಹೋಗುತ್ತದೆ. ಏಳರಲ್ಲಿ ನಾಲ್ಕು ಬಿಟ್ಟರೆ ಉಳಿದ ಮೂರಕ್ಕೆ ರಾತ್ರಿಗಳು ತಾವಾಗಿಯೇ ಒದಗುತ್ತವೆ. ವೆನಿಸಿನ ಸಾರ್ವಜನಿಕ ದೋಣಿಯಲ್ಲಿ 75 ನಿಮಿಷದ ಒಂದು ಟಿಕೆಟ್‌ಗೆ 9.50 ಯೂರೊ, ಮೂರು ದಿನದ ಪಾಸಿಗೆ ಈಚಿನ ದರ 45. ಹೆಚ್ಚು ದಿನ ಇದ್ದಷ್ಟೂ ದಿನದ ಖರ್ಚು ಇಳಿಯುತ್ತದೆ. ನವೆಂಬರ್‌ನಿಂದ ಕಾರ್ನಿವಲ್ ಹಬ್ಬದ ಮುಂಚಿನವರೆಗೆ ಕೋಣೆಗಳ ದರವೂ ತಗ್ಗುತ್ತದೆ. ಆ ತಿಂಗಳುಗಳಲ್ಲಿ ಕಡಲು ಉಕ್ಕಿ ಚೌಕಕ್ಕೆ ನೀರು ನುಗ್ಗುವ ಭಯ ಮೊದಲಿನಷ್ಟಿಲ್ಲ: 2019ರ ನವೆಂಬರ್ 12ರಂದು ನೀರು 187 ಸೆಂಟಿಮೀಟರಿಗೆ ಏರಿತ್ತು, ಮರುವರ್ಷದ ಅಕ್ಟೋಬರ್‌ನಿಂದ ಹಿನ್ನೀರಿನ ಮೂರು ಬಾಯಿಗಳಲ್ಲಿ ಅಳವಡಿಸಿದ 78 ಕದಗಳು ಎದ್ದು ನಿಂತು ದೊಡ್ಡ ಉಬ್ಬರಗಳನ್ನು ತಡೆಯುತ್ತಿವೆ. ‘ಮತ್ತೆ ಬರುವುದಾಗಲಿಕ್ಕಿಲ್ಲ, ಎಲ್ಲ ನೋಡಿಬಿಡೋಣ’ ಎಂಬ ಮಾತು ಮನಸ್ಸಿಗೆ ತಟ್ಟುವಂಥದ್ದು. ಆದರೆ ಮತ್ತೆ ಬರುವುದಿಲ್ಲವೆಂದಾದರೆ, ನೆನಪಿನಲ್ಲಿ ಉಳಿಯುವಷ್ಟಾದರೂ ಒಂದನ್ನು ನೋಡಬೇಡವೇ?

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮನೆಗಳು ಬಾಡಿಗೆ ಕೋಣೆಗಳಾಗಿಯೇ ಊರು ಬರಿದಾಗುತ್ತಿರುವಾಗ, ಇನ್ನೂ ಹೆಚ್ಚು ರಾತ್ರಿ ಉಳಿಯಿರಿ ಎನ್ನುವುದು ಗಾಯಕ್ಕೆ ಉಪ್ಪು ಸವರಿದಂತಲ್ಲವೇ? ಈ ಮಾತನ್ನು ತಳ್ಳಿಹಾಕಲಾಗದು, ಹಾಗಾಗಿ ಎಲ್ಲಿ ಉಳಿಯುತ್ತೇವೆ ಎಂಬುದು ಎಷ್ಟು ದಿನ ಎಂಬುದರಷ್ಟೇ ಮುಖ್ಯ. ಒಂದು ಸಂಸಾರ ಇರಬಹುದಾಗಿದ್ದ ಇಡೀ ಮನೆಯನ್ನು ನಾಲ್ಕು ದಿನಕ್ಕೆ ಹಿಡಿಯುವುದಕ್ಕಿಂತ, ಮೊದಲಿನಿಂದ ಹೋಟೆಲಾಗಿಯೇ ಇರುವ ಕಟ್ಟಡ ಅಥವಾ ಮನೆಯವರು ತಾವೂ ವಾಸವಿದ್ದು ಬಾಡಿಗೆಗೆ ಕೊಡುವ ಕೋಣೆ ಲೇಸು. ಇಟಲಿಯಲ್ಲಿ 2025ರಿಂದ ಇಂಥ ಪ್ರತಿ ವಸತಿಗೂ ರಾಷ್ಟ್ರೀಯ ಗುರುತು ಸಂಖ್ಯೆ ಕಡ್ಡಾಯ. ಜಾಹೀರಾತಿನಲ್ಲಿ ಅದು ಇಲ್ಲದಿದ್ದರೆ ಆ ಕೋಣೆಯ ಆಸೆ ಬಿಡಬೇಕು. ಇಷ್ಟರಿಂದ ಎಲ್ಲ ಸರಿಹೋಗುತ್ತದೆಂದು ನಾನು ಹೇಳುತ್ತಿಲ್ಲ. ಅಲ್ಪಾವಧಿ ಬಾಡಿಗೆಗಳಿಗೆ ಮಿತಿ ಹಾಕುವ ವಿಶೇಷ ಅಧಿಕಾರವನ್ನು ಇಟಲಿಯ ಸಂಸತ್ತು 2022ರಲ್ಲಿ ವೆನಿಸಿಗೆ ಕೊಟ್ಟಿದೆ, ಅದನ್ನು ಚಲಾಯಿಸಬೇಕಾದ್ದು ಅಲ್ಲಿನ ಆಡಳಿತ. 2021ರ ಆಗಸ್ಟ್‌ನಿಂದ 25 ಸಾವಿರ ಟನ್ನಿಗಿಂತ ದೊಡ್ಡ ವಿಹಾರ ಹಡಗುಗಳು ಜುದೆಕ್ಕಾ ಕಾಲುವೆಗೆ ಬರದಂತೆ ತಡೆದದ್ದೂ ಕಾನೂನೇ, ಯಾರ ಒಳ್ಳೆಯತನವೂ ಅಲ್ಲ. ಆದರೆ ಕಾನೂನು ಬರುವವರೆಗೆ ನಾವು ಹೇಗಾದರೂ ಹೋಗಿಬರಬಹುದು ಎಂಬುದು ವಾದವಾಗಲಾರದು.

ಮೂರನೆಯದು ನ್ಯಾಯದ ಪ್ರಶ್ನೆ. ಯುರೋಪಿನವರು ತಲೆತಲಾಂತರದಿಂದ ಲೋಕ ಸುತ್ತಿದರು, ನಮ್ಮ ಮಧ್ಯಮ ವರ್ಗ ಈಗಷ್ಟೇ ಹೊರಟಿದೆ. ಈಗ ನಮಗೆ ಸಂಯಮದ ಪಾಠವೇ? ಈ ಸಿಟ್ಟಿನಲ್ಲಿ ಹುರುಳಿದೆ. ಅದಕ್ಕೆ ಉತ್ತರ ಹುಡುಕಲು ನಾವು ಹಂಪಿಗೆ ಹೋದರೆ ಸಾಕು. ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ, ವೆನಿಸ್ ಮರುವರ್ಷ. 2011ರ ಜುಲೈನಲ್ಲಿ ವಿರೂಪಾಕ್ಷನ ಎದುರಿನ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು ಒಕ್ಕಲೆಬ್ಬಿಸಿದರು. ಸ್ಮಾರಕದ ರಕ್ಷಣೆಗೆ ಅದು ಬೇಕಿತ್ತೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ತೇರಿನ ಬೀದಿ ಜನರಿಲ್ಲದೆ ಹೇಗೆ ಕಾಣುತ್ತದೆ ಎಂಬುದನ್ನು ನಾವು ಕಂಡವರು. ಅಲ್ಲಿ ಸರ್ಕಾರದ ಆದೇಶ ಮಾಡಿದ್ದನ್ನು ವೆನಿಸಿನಲ್ಲಿ ಬಾಡಿಗೆಯ ದರ ಮಾಡುತ್ತಿದೆ. ವಾರಾಂತ್ಯಕ್ಕೆ ಬಂದು, ಕಲ್ಲಿನ ರಥದ ಮುಂದೆ ನಿಂತು, ಮಧ್ಯಾಹ್ನಕ್ಕೆ ಹೊರಡುವವರಿಂದ ಹಂಪಿಯ ಊರಿಗೆ ಏನು ಸಿಗುತ್ತದೆ ಎಂಬುದು ಗೊತ್ತಿರುವ ನಮಗೆ ವೆನಿಸಿನವರ ಸಂಕಟ ಪರಕೀಯವಾಗಬಾರದು. ವೆನಿಸ್ ಗಣರಾಜ್ಯದ ವರ್ತಕ ನಿಕೋಲೋ ಕಾಂಟಿ 1420ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ. ಅವನ ಬಾಯಿಂದ ಕೇಳಿ ಬರೆದಿಟ್ಟ ಕಥನದಲ್ಲಿ ಕೋಟೆಯ ಸುತ್ತಳತೆಯ ಜೊತೆಗೆ ಊರಿನ ಹಬ್ಬಗಳೂ ಇವೆ: ಹೊಸ ಬಟ್ಟೆ ಉಡುವುದು, ಗುಡಿಗಳಲ್ಲಿ ದೀಪ ಹಚ್ಚುವುದು, ದಾರಿಯಲ್ಲಿ ಹೋಗುವವರ ಮೇಲೆಲ್ಲ ಬಣ್ಣದ ನೀರು ಎರಚುವುದು. ಅವನು ನೋಡಿದ್ದು ಜನರಿದ್ದ ಊರನ್ನು.

ಹಾಗಾದರೆ ಬೇರೇನೂ ಮಾಡುವುದು ಬೇಡ, ಟೂರಿನವರ ಕಚೇರಿಯಲ್ಲಿ ಮುಂಗಡ ಕೊಡುವ ಮೊದಲು ದಂಪತಿ ಒಂದು ಪ್ರಶ್ನೆ ಕೇಳಲಿ. ‘ವೆನಿಸಿನಲ್ಲಿ ವಸತಿ’ ಎಂದು ಕರಪತ್ರದಲ್ಲಿ ಅಚ್ಚಾಗಿರುವುದು ಸೇತುವೆಯ ಯಾವ ಕಡೆ? ಮೆಸ್ತ್ರೆಯೂ ವೆನಿಸ್ ನಗರಾಡಳಿತಕ್ಕೇ ಸೇರಿದ್ದರಿಂದ ಹಾಗೆ ಅಚ್ಚು ಹಾಕಿದವರು ಸುಳ್ಳು ಬರೆದಂತಾಗುವುದಿಲ್ಲ. ಹೋಟೆಲಿನ ವಿಳಾಸ ಬರೆಸಿಕೊಂಡು ನಕ್ಷೆಯಲ್ಲಿ ಹುಡುಕಬೇಕು. ಸುತ್ತ ನೀಲಿ ಬಣ್ಣ ಕಂಡರೆ ಸರಿ. ರಸ್ತೆ, ರೈಲು ನಿಲ್ದಾಣ ಮತ್ತು ಸೇತುವೆಯಾಚೆಯ ಹೆದ್ದಾರಿ ಕಂಡರೆ, ಪಟ್ಟಿಯಿಂದ ಎರಡು ಊರು ಹೊಡೆದುಹಾಕಿ ಆ ರಾತ್ರಿಗಳನ್ನು ದ್ವೀಪಕ್ಕೆ ಬದಲಾಯಿಸಿಕೊಡಿ ಎಂದು ಕೇಳಬೇಕು. ಹಾಗೆ ಕೇಳುವವರು ನಾಲ್ಕು ಜನ ಆದರೆ ಮುಂದಿನ ವರ್ಷದ ಕರಪತ್ರ ಬೇರೆ ರೀತಿ ಅಚ್ಚಾಗುತ್ತದೆ.